ಅಕ್ಕನ ಹನ್ನೊಂದು ಸಾವಿರ ಹೆಜ್ಜೆ

ಸಂಜೆ ಏಳಕ್ಕೆ ಸರಿಯಾಗಿ ಫೋನು 'ಟಿಣ್' ಅನ್ನುತ್ತಿತ್ತು. ಒಂದು ಸಲ ಅಲ್ಲ, ಮೂರು ಸಲ. ಮೊದಲನೆಯದು ರಾಣೆಬೆನ್ನೂರಿನದು, ಎರಡನೆಯದು ನನ್ನದೇ, ಮೂರನೆಯದು ಬ್ಯಾಡಗಿಯದು. ಆ ಮೂರನೆಯ ಟಿಣ್ ಕೇಳಿದರೆ ಸಾಕು, ಹಾವೇರಿಯ ಮನೆಯಲ್ಲಿ ಚಹಾ ಕುಡಿಯುತ್ತಾ ಕೂತ ನಾನು ಕಪ್ಪು ಕೆಳಗಿಟ್ಟು ಕನ್ನಡಕ ಹುಡುಕುತ್ತಿದ್ದೆ. ಎಪ್ಪತ್ತೆರಡನೆಯ ವಯಸ್ಸಿನಲ್ಲಿ ಹೊಟ್ಟೆಕಿಚ್ಚು ಪಡುವುದು ಗ್ರೇಸ್‌ಫುಲ್ ಅಲ್ಲ, ಗೊತ್ತು. ನಾನು ಕಾನ್ವೆಂಟಿನ ನನ್‌ಗಳ ಕೈಯಲ್ಲಿ ಕಲಿತವಳು. ಮಾರಲ್ ಸೈನ್ಸಿನಲ್ಲಿ ಎರಡು ಸಲ ಪ್ರೈಜ್ ತಗೊಂಡವಳು. ಆದರೆ ಬ್ಯಾಡಗಿಯಿಂದ ಬರುತ್ತಿದ್ದ ಅಂಕಿ ಹಾಗಿತ್ತು. ಹನ್ನೊಂದು ಸಾವಿರದ ನಾಲ್ಕುನೂರು ಚಿಲ್ಲರೆ ಹೆಜ್ಜೆ.

ಆ ಹೆಜ್ಜೆಗಳು ನನ್ನ ನೆಗೆಣ್ಣಿಯವು. ಗಂಡನ ಅಣ್ಣನ ಹೆಂಡತಿ. ನಾನು ಅಕ್ಕ ಅನ್ನುತ್ತಿದ್ದೆ. ತವರು ಕುಪ್ಪೇಲೂರು, ಓದು ನಾಲ್ಕನೇ ಇಯತ್ತೆ, ವಯಸ್ಸು ಎಪ್ಪತ್ತೊಂಬತ್ತು. ಹದಿನೇಳಕ್ಕೆ ಮದುವೆಯಾಗಿ ಬ್ಯಾಡಗಿಯ ಆ ಮೆಣಸಿನಕಾಯಿ ದಲಾಲಿ ಅಂಗಡಿಯ ಮೇಲಿನ ಮನೆಗೆ ಬಂದವಳು, ಆಮೇಲೆ ಅಲ್ಲಿಂದ ಅಲುಗಿದವಳಲ್ಲ. ಅಲುಗಿಸಬೇಕೆಂದು ಮಕ್ಕಳು ಹೊರಟಿದ್ದೇ ಈ ಎಲ್ಲ ಕತೆಗೆ ಕಾರಣ.

ಅಂಗಡಿಯಿಂದ ಮನೆಗೆ ಇಪ್ಪತ್ತೆರಡು ಮೆಟ್ಟಿಲು. ಕಡಿದಾದ, ಹಳೇ ಕಾಲದ ಕಲ್ಲಿನ ಮೆಟ್ಟಿಲು. ಅಕ್ಕನ ಮೊಣಕಾಲು ಹೋಗಿ ಎರಡು ವರ್ಷವಾಗಿತ್ತು. ಮದುವೆ ಮುಂಜಿಗೆ ಕರೆದೊಯ್ಯಬೇಕಾದರೆ ಅವಳನ್ನು ಕುರ್ಚಿಯಲ್ಲಿ ಕೂರಿಸಿ, ಇಬ್ಬರು ಮಕ್ಕಳು ಆ ಕಡೆ ಈ ಕಡೆ ಹಿಡಿದು ಇಳಿಸುತ್ತಿದ್ದರು. ಅಕ್ಕ ಮೇಲಿಂದ ಕೆಳಗಿನತನಕ ಇಬ್ಬರಿಗೂ ಬೈಯುತ್ತಿದ್ದಳು. ಕಡೆಗೆ ಮಕ್ಕಳು ಊರ ಹೊರಗಿನ ಹೊಸ ಲೇಔಟಿನಲ್ಲಿ ಮೆಟ್ಟಿಲೇ ಇಲ್ಲದ ಮನೆ ಕಟ್ಟಿಸಿದರು. ಬಾತ್‌ರೂಮಿನಲ್ಲಿ ಹಿಡಿದುಕೊಳ್ಳಲು ಸ್ಟೀಲಿನ ರಾಡು ಕೂಡ ಹಾಕಿಸಿದ್ದರು. ಎಲ್ಲರೂ ಅಲ್ಲಿಗೆ ಹೋಗೋಣ ಅಂದರು. ಅಕ್ಕ ಒಲ್ಲೆ ಅಂದಳು.

"ಅಲ್ಲೇನೈತಿ?" ಅಂದಳು ನನ್ನ ಮುಂದೆ. "ಮಂದಿಯಿಲ್ಲ, ಮಾತಿಲ್ಲ. ಕಂಪೌಂಡ್ ಗ್ವಾಡಿ ನೋಡ್ಕೋತ ಕುಂದರಬೇಕು. ಇಲ್ಲಿ ಕಿಡಕ್ಯಾಗ ನಿಂತ್ರ ಯಾರ ಮಾಲಿಗೆ ಎಷ್ಟ ರೇಟ್ ಸಿಕ್ಕತು ಅಂತ ಅವರ ಮಾರಿ ನೋಡೇ ಹೇಳ್ತೇನಿ."

ನನ್ನ ಮಗಳು ಹಾವೇರಿಯಲ್ಲಿ ಫಿಸಿಯೋಥೆರಪಿ ಕ್ಲಿನಿಕ್ ಇಟ್ಟಿದ್ದಾಳೆ. ಜಗಳ ಅವಳ ಮುಂದೆ ಬಂತು. ಅವಳು ತೀರ್ಪು ಕೊಟ್ಟಳು: ಯುಗಾದಿಯ ದಿನ ದೊಡ್ಡವ್ವ ಯಾರ ಕೈಯನ್ನೂ ಹಿಡಿಯದೆ ಮೆಟ್ಟಿಲು ಇಳಿದು, ಮತ್ತೆ ಹತ್ತಿದರೆ ಮನೆ ಬಿಡುವ ಮಾತು ಯಾರೂ ಎತ್ತಕೂಡದು. ಆಗಲಿಲ್ಲವೋ, ಹಬ್ಬದ ಮರುದಿನವೇ ಲೇಔಟಿಗೆ ಸಾಮಾನು. ಎರಡೂ ಕಡೆಯವರು ಒಪ್ಪಿದರು. ಅಲ್ಲಿಯವರೆಗೆ ಕಾಲಿಗೆ ಕಸುವು ಬರಬೇಕಲ್ಲ, ಅದಕ್ಕೆ ದಿನಾ ನಡೆಯಬೇಕು. ನಡೆದದ್ದನ್ನು ಎಣಿಸುವ ಕೈಗಡಿಯಾರವೊಂದನ್ನು ಮಗಳು ಎಳ್ಳಮಾಸಿ ಹಬ್ಬಕ್ಕೆ ತಂದು ಅಕ್ಕನಿಗೆ ಕಟ್ಟಿದಳು. ಒಬ್ಬಳಿಗೇ ಕಟ್ಟಿದರೆ ಬೇಜಾರಾಗುತ್ತದೆಂದು ನನಗೊಂದು, ರಾಣೆಬೆನ್ನೂರಿನ ನನ್ನ ನಾದಿನಿಗೊಂದು. ಮೂವರಿಗೂ ಸೇರಿ ಒಂದು ವಾಟ್ಸಾಪ್ ಗ್ರೂಪು. ಸಂಜೆ ಏಳಕ್ಕೆ ಆ ದಿನದ ಹೆಜ್ಜೆ ಎಷ್ಟೆಂದು ಫೋಟೋ ಹಾಕಬೇಕು. ಅಕ್ಕನ ಫೋಟೋ ಅವಳ ಸೊಸೆ ತೆಗೆದು ಹಾಕುತ್ತಿದ್ದಳು.

ಅಕ್ಕನದು ಹನ್ನೊಂದು ಸಾವಿರ. ನಾದಿನಿಯದು ಏಳು. ನನ್ನದು ನಾಲ್ಕು ಸಾವಿರದ ಮುನ್ನೂರು, ಅದೂ ಬಾಲ್ಕನಿಯಲ್ಲಿ ಗಿಡಗಳಿಗೆ ನೀರು ಹಾಕಿದ್ದೆಲ್ಲ ಸೇರಿ.

"ವೈನಿ, ನೀವು ಸಾಲ್ಯಾಗ ಬ್ಯಾಂಡಿನ ಮುಂದ ಮಾರ್ಚ್ ಮಾಡ್ತಿದ್ರಿ ಅಂತ ಹೇಳ್ತಿದ್ರಲ್ಲ," ಎಂದು ನಾದಿನಿ ವಾಯ್ಸ್ ಮೆಸೇಜು ಕಳಿಸಿದಳು. "ಆವಾಗ ಬ್ಯಾಂಡ್ ಎಷ್ಟು ಸಾವಕಾಶ ಹೋಗ್ತಿತ್ತೋ ಏನೋ."

ಅವಳ ಗಂಡ ಕುಮಾರಪಟ್ಟಣದ ಫ್ಯಾಕ್ಟರಿಯಲ್ಲಿ ಆಯುಷ್ಯವಿಡೀ ಶಿಫ್ಟ್ ಮಾಡಿ ರಿಟೈರ್ ಆದವರು. ಬೆಳಗಿನ ಐದೂವರೆಗೆ ಅವರಿಗೆ ತಾನಾಗಿಯೇ ಎಚ್ಚರವಾಗುತ್ತದೆ, ಜೊತೆಗೆ ಅವಳನ್ನೂ ಎಬ್ಬಿಸಿ ಪಾರ್ಕಿಗೆ ಹೊರಡಿಸುತ್ತಾರೆಂದು ನಾನು ತಿಳಿದಿದ್ದೆ. ಆ ಏಳು ಸಾವಿರಕ್ಕೆ ಅರ್ಥವಿತ್ತು. ಅಕ್ಕನ ಹನ್ನೊಂದು ನನಗೆ ತಿಳಿಯುತ್ತಿರಲಿಲ್ಲ. ಕೇಳಿದರೆ ಸೊಸೆ, "ಅತ್ತಿ ಮನಿ ಒಳಗ ಮಾಡ್ತಾರ್ರಿ ಎಲ್ಲಾ" ಅನ್ನುತ್ತಿದ್ದಳು. ಆ ಮನೆಯ ಒಳಗೆ ನಾನೂ ಹತ್ತು ವರ್ಷ ಸಂಸಾರ ಮಾಡಿದ್ದೇನೆ. ಅಲ್ಲಿ ಹನ್ನೊಂದು ಸಾವಿರ ಹೆಜ್ಜೆ ಹಾಕಬೇಕಾದರೆ ಗ್ವಾಡಿ ಒಡೆದುಕೊಂಡು ಹೋಗಬೇಕು.

ಆದರೂ ನಾನು ಬಿಡಲಿಲ್ಲ. ನಮ್ಮ ಪಿ.ಟಿ. ಸಿಸ್ಟರ್ ಹೇಳುತ್ತಿದ್ದ ಹಾಗೆ ಶೋಲ್ಡರ್ಸ್ ಬ್ಯಾಕ್, ಚಿನ್ ಅಪ್ ಮಾಡಿಕೊಂಡು ಬೆಳಿಗ್ಗೆ ಹೆಗ್ಗೇರಿ ಕೆರೆ ಕಡೆ ಹೊರಟೆ. ಚಿನ್ ಅಪ್ ಮಾಡಿ ಹಾವೇರಿಯ ರಸ್ತೆಯಲ್ಲಿ ನಡೆಯಕೂಡದೆಂದು ಮೊದಲನೆಯ ದಿನವೇ ಗೊತ್ತಾಯಿತು. ಒಂದು ಚಪ್ಪಲಿ ಅಲ್ಲೇ ಗಟಾರದಲ್ಲಿದೆ. ಆಮೇಲೆ ಮನೆಯ ಓಣಿಯಲ್ಲೇ ಆ ತುದಿಯಿಂದ ಈ ತುದಿಗೆ ನಡೆಯತೊಡಗಿದೆ. ಸಂಜೆ ಆರೂವರೆಗೆ ಇನ್ನೂ ಎಂಟುನೂರು ಬಾಕಿ ಇದ್ದರೆ ಕೈ ಬೀಸುತ್ತಾ ಬಿರುಸಾಗಿ ಹತ್ತು ಸಲ ಹೋಗಿ ಬರುತ್ತಿದ್ದೆ. ಕರ್ಜಗಿಯಿಂದ ಬೈಕಿನ ಮೇಲೆ ಕಾಯಿಪಲ್ಲೆ ತರುವವನು ಮೂರು ದಿನ ನನ್ನನ್ನು ನೋಡಿದ. ನಾಲ್ಕನೆಯ ದಿನ ಬೈಕು ನಿಲ್ಲಿಸಿ ಇಳಿದ.

"ಅವ್ವಾರ, ಏನರ ಕಳಕೊಂಡೀರೇನ್ರಿ? ಹೇಳ್ರಿ, ನಾನೂ ಹುಡುಕತೇನಿ."

"ಇಲ್ಲಪಾ, ವಾಕಿಂಗ್ ಮಾಡಾಕತ್ತೇನಿ."

ಅವನು ದನಿ ತಗ್ಗಿಸಿ, "ಮನ್ಯಾಗ ಏನರ ಬೇಜಾರಾತೇನ್ರಿ?" ಅಂದ.

ಆ ವಾರ ನಾನು ಐದು ಸಾವಿರದ ಒಂಬೈನೂರು ಮುಟ್ಟಿದೆ, ಸೊಂಟ ಹಿಡಿದುಕೊಂಡಿತು, ಎರಡು ದಿನ ಮಲಗಿದೆ. ಮಲಗಿದಲ್ಲಿಯೇ ಟಿಣ್ ಕೇಳಿದೆ. ಹನ್ನೆರಡು ಸಾವಿರದ ಎಪ್ಪತ್ತು. ಇನ್ನು ಕಣ್ಣಾರೆ ನೋಡಿಯೇ ತೀರಬೇಕೆಂದು ನಾಲ್ಕನೆಯ ದಿನ ಬೆಳಗಿನ ಪ್ಯಾಸೆಂಜರ್ ಹತ್ತಿ ಬ್ಯಾಡಗಿಯಲ್ಲಿಳಿದೆ. ಹೋಗುತ್ತೇನೆಂದು ಯಾರಿಗೂ ಹೇಳಲಿಲ್ಲ. ಅದೂ ಗ್ರೇಸ್‌ಫುಲ್ ಅಲ್ಲ.

ಸೀಜನ್ನಿನ ಮಧ್ಯ. ಪೇಟೆಯ ತುಂಬ ಕೆಂಪು ಚೀಲ, ಗಾಳಿಯ ತುಂಬ ಘಾಟು. ಆ ಊರಿನಲ್ಲಿ ಪರಸ್ಥಳದವರನ್ನು ಗುರುತಿಸುವುದು ಸುಲಭ, ಸೀನುವವರೆಲ್ಲ ಪರಸ್ಥಳದವರು. ಸ್ಟೇಷನ್ನಿನಿಂದ ಅಂಗಡಿಯವರೆಗೆ ನಾನು ಹದಿನಾಲ್ಕು ಸಲ ಸೀನಿದೆ. ಒಂದೊಂದು ಸೀನಿಗೆ ನನ್ನ ಗಡಿಯಾರ ಒಂದು ಹೆಜ್ಜೆ ಹಾಕಿತೋ ಇಲ್ಲವೋ ನೋಡುವಷ್ಟು ಪುರುಸೊತ್ತಿರಲಿಲ್ಲ. ಇಪ್ಪತ್ತೆರಡು ಮೆಟ್ಟಿಲು ಹತ್ತಿ, ಉಸಿರು ಬಿಡುತ್ತಾ ಅಡುಗೆಮನೆಯ ಬಾಗಿಲಲ್ಲಿ ನಿಂತೆ.

ಅಕ್ಕ ನೆಲದ ಮೇಲೆ ಮಣೆ ಹಾಕಿಕೊಂಡು ಕಾಲು ಚಾಚಿ ಕೂತಿದ್ದಳು. ಎದುರಿಗೆ ಗ್ಯಾಸಿನ ಒಲೆ, ಅದರ ಮೇಲೆ ಹಂಚು. ಮುಂದೆ ಹಲಗೆ, ಹಲಗೆಯ ಮೇಲೆ ಜೋಳದ ಹಿಟ್ಟು. ಅವಳು ರೊಟ್ಟಿ ಬಡಿಯುತ್ತಿದ್ದಳು. ಮೆಣಸಿನಕಾಯಿ ತಂದ ರೈತರಿಗೆ ಮಧ್ಯಾಹ್ನದ ಊಟ ಹಾಕುವುದು ಆ ಅಂಗಡಿಯ ಹಳೆಯ ಪದ್ಧತಿ. ಸೀಜನ್ನಿನಲ್ಲಿ ದಿನಕ್ಕೆ ನೂರರ ಮೇಲೆ ರೊಟ್ಟಿ. ಬೇರೆಯವರು ಬಡಿದದ್ದು ಅಕ್ಕನಿಗೆ ಸರಿಬರುವುದಿಲ್ಲ. ಬಲಗೈ ಬಡಿಯುತ್ತಿತ್ತು, ರೊಟ್ಟಿ ತಿರುಗುತ್ತಿತ್ತು, ಬಲಗೈಗೆ ಕಟ್ಟಿದ ಗಡಿಯಾರ ಹಿಟ್ಟಿನಲ್ಲಿ ಬೆಳ್ಳಗಾಗಿ ಮೇಲೆ ಕೆಳಗೆ ಕುಣಿಯುತ್ತಿತ್ತು.

"ಬಾರವಾ," ಅಂದಳು ಅಕ್ಕ, ಕೈ ನಿಲ್ಲಿಸದೆ. "ಗದಗ ಕಡ್ಯಾವ್ರು ಬಂದಾರ, ಹನ್ನೆರಡು ಮಂದಿ. ಕುಂದರ, ಬೆಣ್ಣಿ ಹಚ್ಚಿ ಒಂದ ಬಿಸಿದು ಕೊಡ್ತೇನಿ."

ನಾನು ಹತ್ತಿರ ಹೋಗಿ ಗಡಿಯಾರದ ಮೇಲಿನ ಹಿಟ್ಟು ಒರೆಸಿದೆ. ಐದು ಸಾವಿರದ ಆರುನೂರಾ ಹತ್ತು. ಅಕ್ಕ ಒಂದು ರೊಟ್ಟಿ ಮುಗಿಸಿ ಹಂಚಿಗೆ ಹಾಕಿದಳು. ಐದು ಸಾವಿರದ ಏಳುನೂರಾ ಎರಡು.

"ಅಕ್ಕಾ, ನೀವು ವಾಕಿಂಗ್ ಯಾವಾಗ ಮಾಡ್ತೀರಿ?"

"ಇದ ಮಾಡಾಕತ್ತೇನಲ್ಲ."

"ಇದು ವಾಕಿಂಗ್ ಅಲ್ರಿ. ರೊಟ್ಟಿ."

"ನಿನ್ನ ಮಗಳು ಏನ ಹೇಳಿದ್ಲು? ದೊಡ್ಡವ್ವಾ, ಕೈಗೆ ಕಟ್ಟಿಕೋ, ಬಿಚ್ಚಬ್ಯಾಡ, ದಿನಾ ಆರು ಸಾವಿರ ಬಂದ್ರ ನಿನ್ನ ಮೊಣಕಾಲು ಗಟ್ಟಿ ಆಕ್ಕಾವು ಅಂದ್ಲು. ಆರ ಯಾಕ, ಹನ್ನೊಂದ ಮಾಡೇನಿ."

"ಅದು ಕಾಲಿನ ಲೆಕ್ಕ ರಿ. ಕೈ ಅಲ್ಲಾಡಿದ್ರ ಕಾಲು ನಡದಾವು ಅಂತ ಅದು ತಿಳಕೋತದ."

ಅಕ್ಕನ ಕೈ ನಿಂತಿತು. ಹಂಚಿನ ಮೇಲಿನ ರೊಟ್ಟಿ ಉಬ್ಬಿ ಮತ್ತೆ ಕೂತಿತು. "ನಾ ತಿಳಕೊಂಡೆ, ಮೈಯಾಗ ಎಷ್ಟ ಕಸುವೈತಿ ಅಂತ ಅಳೀತೈತಿ ಅಂತ," ಅಂದಳು. ಆಮೇಲೆ ಸಿಟ್ಟು ಬಂತು. "ಕೈ ಯಾವುದು ಕಾಲು ಯಾವುದು ತಿಳೀದ ಮಶೀನ್ ತಂದು ಕಟ್ಟೀರಿ. ಮ್ಯಾಲೆ ಇಂಗ್ಲಿಷ್ ಸಾಲಿ ಕಲ್ತೇನಿ ಅಂತೀ."

ಗಡಿಯಾರದ ದಡ್ಡತನ ಎಷ್ಟೆಂದು ನೋಡಲು ನನ್ನದನ್ನು ಕಟ್ಟಿಕೊಂಡೇ ಚಪಾತಿ ಲಟ್ಟಿಸಿದೆ. ಲಟ್ಟಣಿಗೆಗೆ ಅದು ಸೊಪ್ಪು ಹಾಕಲಿಲ್ಲ. ಆರು ಚಪಾತಿಗೆ ಒಂಬತ್ತೇ ಹೆಜ್ಜೆ. ರೊಟ್ಟಿ ಬಡಿಯಲು ಕೂತೆ. ಅರ್ಧಕ್ಕೇ ಅದು ಎರಡು ಹೋಳಾಯಿತು. ಐವತ್ತು ವರ್ಷದಿಂದ ನನ್ನ ರೊಟ್ಟಿ ಎರಡೇ ಹೋಳಾಗುತ್ತದೆ. ಅಕ್ಕ ಕಣ್ಣಲ್ಲಿ ನೀರು ಬರುವಷ್ಟು ನಕ್ಕಳು. ನಗು ಮುಗಿದ ಮೇಲೆ ಸೆರಗಿನಿಂದ ಕಣ್ಣೊರೆಸಿಕೊಂಡು, "ಯುಗಾದಿಗೆ ಎಷ್ಟ ದಿನ ಉಳೀತು?" ಅಂದಳು.

ಏಳು ವಾರ.

ಮಧ್ಯಾಹ್ನ ಮಕ್ಕಳು ಮಾರ್ಕೆಟ್ಟಿಗೆ ಹೋದಾಗ ನಾವಿಬ್ಬರೂ ಮೆಟ್ಟಿಲಿನ ತಲೆಗೆ ಹೋದೆವು. ಅಕ್ಕ ಗೋಡೆ ಹಿಡಿದು ಒಂದು ಮೆಟ್ಟಿಲು ಇಳಿದಳು. ಎರಡು. ಮೂರನೆಯದಕ್ಕೆ ಕಾಲು ನಡುಗಿತು. ಅಲ್ಲಿಯೇ ನಿಂತಳು. ಕೆಳಗೆ ಅಂಗಡಿಯ ಬಾಗಿಲು, ಬಾಗಿಲಾಚೆ ಬಿಸಿಲು, ಚೀಲ ಹೊತ್ತ ಹಮಾಲರ ಕಾಲುಗಳು ಕಾಣುತ್ತಿದ್ದವು. ಅವಳನ್ನು ಮೇಲಕ್ಕೆ ಹತ್ತಿಸಲು ನನಗೆ ಹತ್ತು ನಿಮಿಷ ಬೇಕಾಯಿತು. ಒಂದೂವರೆ ತಿಂಗಳು ಅವಳು ನಡೆಯದೇ ಕೂತಿದ್ದಳು, ಅದೂ ಎಲ್ಲರಿಂದ ಶಾಬಾಸ್ ಅನ್ನಿಸಿಕೊಳ್ಳುತ್ತಾ.

"ಹುಡುಗರಿಗೆ ಹೇಳಬ್ಯಾಡ," ಅಂದಳು. "ಹೇಳಿದ್ರ ನಾಳೆನ ಲಾರಿ ತರತಾರ."

ಮಾರಲ್ ಸೈನ್ಸಿನಲ್ಲಿ ಇಂಥ ಪ್ರಶ್ನೆಗೆ ಉತ್ತರ ಇರಲೇಬೇಕು, ನನಗೆ ನೆನಪಾಗಲಿಲ್ಲ. ಮಗಳಿಗೆ ಮಾತ್ರ ಫೋನಿನಲ್ಲಿ ನಿಜ ಹೇಳಿದೆ. ಅವಳು ಹೊಟ್ಟೆ ತುಂಬ ನಕ್ಕಳು. ಆಮೇಲೆ ವ್ಯಾಯಾಮ ಬರೆಸಿದಳು: ಕುರ್ಚಿಯಿಂದ ಕೈ ಊರದೆ ಏಳುವುದು ಹತ್ತು ಸಲ, ಕಿಟಕಿಯ ಸರಳು ಹಿಡಿದು ಹಿಮ್ಮಡಿ ಎತ್ತುವುದು ಇಪ್ಪತ್ತು ಸಲ, ಪಡಸಾಲೆಯಲ್ಲಿ ನಡಿಗೆ, ಮೂರನೆಯ ವಾರದಿಂದ ಮೆಟ್ಟಿಲು. ಗಡಿಯಾರವನ್ನು ಕೈಯಿಂದ ಬಿಚ್ಚಿ ಪಾದದ ಮೇಲ್ಗಡೆ ಕಾಲಿಗೆ ಕಟ್ಟಬೇಕು. ನಾನು ನನ್ನ ಮಾತ್ರೆ, ಕನ್ನಡಕ, ನಾಲ್ಕು ಸೀರೆ ತರಿಸಿಕೊಂಡು ಬ್ಯಾಡಗಿಯಲ್ಲೇ ಉಳಿದೆ. ರೊಟ್ಟಿಯನ್ನು ಸೊಸೆಗೆ ಬಿಟ್ಟೆವು. ಗದಗಿನ ರೈತರು ಉಂಡೆದ್ದು, "ಅಮ್ಮಾರಿಗೆ ಆರಾಮಿಲ್ಲೇನ್ರಿ?" ಎಂದು ಕೇಳಿ ಹೋದರು.

ಮರುದಿನ ಸಂಜೆ ಸೊಸೆ ಎಂದಿನಂತೆ ಫೋಟೋ ಹಾಕಿದಳು. ಅಕ್ಕ ಅವತ್ತು ನಿಜವಾಗಿ ಕಾಲಿನಿಂದ ನಡೆದದ್ದು ಇನ್ನೂರಾ ನಲವತ್ತು ಹೆಜ್ಜೆ. ಅಷ್ಟಕ್ಕೇ ಅವಳ ಬೆವರು ಇಳಿದಿತ್ತು. ನಾನು ಹೆಮ್ಮೆಯಿಂದ ಬೀಗುತ್ತಾ ಕೂತಿದ್ದೆ.

ಐದು ನಿಮಿಷದಲ್ಲಿ ನಾದಿನಿಯ ಫೋನು ಬಂತು. "ದೊಡ್ಡ ವೈನಿಗೆ ಏನಾತು? ನಿನ್ನೆ ಹನ್ನೊಂದು ಸಾವಿರ, ಇವತ್ತ ಇನ್ನೂರು. ಲಕ್ವಾ ಹೊಡೀತೇನು? ಮುಚ್ಚಿಡಬ್ಯಾಡ್ರಿ."

"ಏನಾಗಿಲ್ಲವಾ, ನಡ್ಯಾಕತ್ತಾರ."

"ನಡ್ಯಾವ್ರಿಗೆ ಇನ್ನೂರೇನ್ರಿ?"

ಬೆಳಗಾಗುತ್ತಲೇ ಅವಳು ಗಂಡನ ಜೊತೆ ಮೊದಲ ಬಸ್ಸಿಗೆ ಬಂದೇಬಿಟ್ಟಳು. ಕೈಯಲ್ಲಿ ಮೋಸಂಬಿ, ಎಳನೀರು, ಆಸ್ಪತ್ರೆಗೆ ಬೇಕಾದೀತೆಂದು ಒಂದು ಥರ್ಮಾಸು. ಅವಳ ದನಿ ಕೇಳಿ ಮಕ್ಕಳಿಬ್ಬರೂ ಅಂಗಡಿ ಬಿಟ್ಟು ಮೇಲೆ ಓಡಿದರು. ಮೇಲೆ ಬಂದರೆ ಅವರವ್ವ ಕಿಟಕಿಯ ಸರಳು ಹಿಡಿದು ಹಿಮ್ಮಡಿ ಎತ್ತುತ್ತಿದ್ದಾಳೆ, ನಾನು ಪಕ್ಕದಲ್ಲಿ ನಿಂತು ಇಂಗ್ಲಿಷಿನಲ್ಲಿ ಎಣಿಸುತ್ತಿದ್ದೇನೆ. ಇನ್ನು ಮುಚ್ಚುವುದೇನು ಉಳಿದಿತ್ತು. ಅಕ್ಕ ತಾನೇ ಎಲ್ಲ ಹೇಳಿದಳು.

ದೊಡ್ಡ ಮಗ ತಲೆ ಹಿಡಿದುಕೊಂಡು ಕೂತ. "ಯವ್ವಾ, ನಾ ಮಾರ್ಕೆಟ್ಟಿನ್ಯಾಗ ಎಲ್ಲಾರ ಮುಂದ ಹೇಳೇನಿ. ನಮ್ಮವ್ವ ದಿನಾ ಹನ್ನೊಂದು ಸಾವಿರ ಹೆಜ್ಜಿ ನಡೀತಾಳಂತ."

"ಇನ್ನ ಮ್ಯಾಲೆ ನೂರು ರೊಟ್ಟಿ ಬಡೀತಾಳಂತ ಹೇಳು. ಅದೇನು ಸಣ್ಣ ಕೆಲಸೇನು?"

ನಾದಿನಿ ಗಹಗಹಿಸಿ ನಗುತ್ತಿದ್ದಳು. ಅವಳ ಗಂಡ ಮಾತ್ರ ನಗಲಿಲ್ಲ. ಬಾಯಿ ಬಿಡಲೋ ಬೇಡವೋ ಎಂದು ಎರಡು ಸಲ ಗಂಟಲು ಸರಿಮಾಡಿಕೊಂಡರು. "ಹಂಗ ನೋಡಿದ್ರ," ಅಂದರು ಕಡೆಗೆ, "ನಮ್ಮ ಮನ್ಯಾಗ ಆ ವಾಚ್ ಕಟ್ಕೊಂಡು ಪಾರ್ಕಿಗೆ ಹೋಗಾಂವ ನಾನು. ಈಕಿ ಮಲಗಿರತಾಳ." ಗ್ರೂಪಿನಲ್ಲಿ ಪ್ರಾಮಾಣಿಕವಾಗಿ ನಡೆದವಳು ನಾನೊಬ್ಬಳೇ ಎಂದು ಗೊತ್ತಾಯಿತು, ಅದೂ ಕಡೆಯ ನಂಬರಿನಲ್ಲಿ. ನಾದಿನಿ ಮೋಸಂಬಿ ಸುಲಿಯುವುದರಲ್ಲಿ ಮುಳುಗಿದಳು.

ಮಕ್ಕಳು ಕರಾರು ಮುರಿಯಲಿಲ್ಲ. ಯುಗಾದಿ ಅಂದರೆ ಯುಗಾದಿ, ಒಂದು ದಿನವೂ ಮುಂದಕ್ಕೆ ಹೋಗುವುದಿಲ್ಲ ಅಂದರು. ಅಕ್ಕನೂ ಕೇಳಲಿಲ್ಲ.

ಮೂರನೆಯ ವಾರಕ್ಕೆ ಮೆಟ್ಟಿಲಿಗೆ ಬಂದೆವು. ನಾನು 'ಒನ್, ಟೂ' ಅಂದರೆ ಅಕ್ಕನಿಗೆ ಕಾಲು ಏಳುತ್ತಿರಲಿಲ್ಲ. "ನಿನ್ನ ಇಂಗ್ಲಿಷ್ ಎಣಿಕ್ಯಾಗ ಹುರುಪಿಲ್ಲ" ಎಂದು ತನ್ನದೇ ಎಣಿಕೆ ಹುಡುಕಿಕೊಂಡಳು. ಕೆಳಗಿನಿಂದ ಎಣಿಸಿ ಒಂದೊಂದು ಮೆಟ್ಟಿಲಿಗೆ ತನಗೆ ಸಿಟ್ಟಿರುವ ಒಬ್ಬೊಬ್ಬರನ್ನು ಇಟ್ಟಳು. ಮೊದಲನೆಯದು ನಮ್ಮ ಅತ್ತೆ, ಅವಳು ತೀರಿಕೊಂಡು ಮೂವತ್ತು ವರ್ಷದ ಮೇಲಾಗಿದೆ. ಎರಡನೆಯದು ಮದುವೆಯಲ್ಲಿ ಸೀರೆ ಬದಲಿಸಿ ಕೊಟ್ಟ ಸೋದರತ್ತೆ. ಮೂರನೆಯದು ಬೋರಿನ ನೀರು ಬಿಡದಿದ್ದ ಬಾಜೂ ಮನೆಯವಳು. ಹೆಸರು ಹೇಳಿ, ಮೇಲೆ ಕಾಲಿಟ್ಟು, "ತಗೋ" ಅನ್ನುವುದು, ಮುಂದಿನದಕ್ಕೆ ಹೋಗುವುದು. ಅರವತ್ತು ವರ್ಷದ ಸಂಸಾರ; ಇಪ್ಪತ್ತೆರಡು ಮೆಟ್ಟಿಲು ಸಾಲುವಂತಿರಲಿಲ್ಲ.

"ನಾನು ಎಷ್ಟನೇದು ಅಕ್ಕಾ?" ಎಂದು ಕೇಳಿದೆ.

"ಹದಿನೇಳು."

"ಯಾಕ್ರಿ? ನಾ ಏನ್ ಮಾಡೇನಿ?"

"ನೀ ಮದುವ್ಯಾಗಿ ಬಂದ ವರ್ಷ ನನ್ನ ಅಡಗಿಗೆ ಟೇಸ್ಟ್ ಇಲ್ಲ ಅಂದಿದ್ದಿ. ಇಂಗ್ಲಿಷಿನ್ಯಾಗ. ನನಗ ತಿಳಿದಿಲ್ಲ ಅಂತ ತಿಳಕೊಂಡಿದ್ದಿ."

ನಾನು ಅಂದದ್ದು ನಿಜ. ಆಗ ನನಗೆ ಇಪ್ಪತ್ತೆರಡು. ಅವಳು ಐವತ್ತು ವರ್ಷ ಅದನ್ನು ಇಟ್ಟುಕೊಂಡು, ಪ್ರತಿ ಸೀಜನ್ನಿನಲ್ಲಿ ನನಗೆ ಖಾರದ ಪುಡಿ ಕುಟ್ಟಿಸಿ ಕಳಿಸಿದ್ದಳು. ನಾನು ಮೆಟ್ಟಿಲಿನ ಮೇಲೆ ಅವಳ ಹಿಂದೆ ನಿಂತು ಸೀನಿದೆ. ಆ ಊರಿನಲ್ಲಿ ಕಣ್ಣೊರೆಸಿಕೊಳ್ಳುವುದಕ್ಕೆ ಯಾರೂ ಕಾರಣ ಕೇಳುವುದಿಲ್ಲ.

ಯುಗಾದಿಯ ದಿನ ಎಣ್ಣೆ ಸ್ನಾನ, ಬೇವು ಬೆಲ್ಲ ಮುಗಿಸಿ ಹನ್ನೊಂದು ಗಂಟೆಗೆ ಎಲ್ಲರೂ ಮೆಟ್ಟಿಲ ಹತ್ತಿರ ಸೇರಿದೆವು. ಕೆಳಗೆ ಮಕ್ಕಳು, ಮೇಲೆ ನಾನು, ಸೊಸೆ, ಹಾವೇರಿಯಿಂದ ಬಂದ ಮಗಳು. ಅಕ್ಕ ಹೊಸ ಇಲಕಲ್ ಸೀರೆಯನ್ನು ಪಾದದಿಂದ ಒಂದು ಗೇಣು ಮೇಲಕ್ಕೆ ಸಿಕ್ಕಿಸಿಕೊಂಡಿದ್ದಳು. ಇಳಿಯುವುದು ಸಾವಕಾಶವಾಗಿ ಆಯಿತು. ಬಾಯಿ ಮಾತ್ರ ಅಲ್ಲಾಡುತ್ತಿತ್ತು. ಯಾರಿಗೆ ಏನು ಅನ್ನುತ್ತಿದ್ದಾಳೆಂದು ನನಗೊಬ್ಬಳಿಗೇ ಗೊತ್ತಿತ್ತು. ಕೆಳಗೆ ಮುಟ್ಟಿ, ಅಂಗಡಿಯ ಹೊಸ್ತಿಲಲ್ಲಿ ನಿಂತು ಪೇಟೆಯನ್ನು ಆ ಕಡೆ ಈ ಕಡೆ ನೋಡಿದಳು. ತಿರುಗಿ ಹತ್ತಿದಳು. ಹತ್ತು ಬಂತು, ಹದಿನೈದು ಬಂತು. ಹದಿನೇಳರಲ್ಲಿ ನಿಂತಳು. ಕೆಳಗಿನಿಂದ ಸಣ್ಣ ಮಗ ಒಂದು ಹೆಜ್ಜೆ ಮುಂದೆ ಬಂದ.

"ಮುಟ್ಟೀ ನೋಡು," ಅಂದಳು ಅಕ್ಕ ತಿರುಗದೆ. "ಸುಸ್ತಾಗಿಲ್ಲ. ಇದು ನನ್ನ ನೆಗೆಣ್ಣಿ ಮೆಟ್ಟಲ, ಇಲ್ಲಿ ಸ್ವಲ್ಪ ಕುಂದರತೇನಿ." ಎಂದು ಅಲ್ಲಿಯೇ ಕೂತಳು. ಕೂರಕೂಡದೆಂದು ಕರಾರಿನಲ್ಲಿ ಇರಲಿಲ್ಲ. ಕೂತರೆ ತಪ್ಪಿಲ್ಲವೆಂದು ನನ್ನ ಮಗಳು ತೀರ್ಪು ಕೊಟ್ಟಳು. ಐದು ನಿಮಿಷವಾದ ಮೇಲೆ ಎರಡೂ ಕೈಯನ್ನು ಮಡಿಲಲ್ಲಿ ಇಟ್ಟುಕೊಂಡೇ, ಕುರ್ಚಿಯಿಂದ ಏಳುವ ಹಾಗೆ ಎದ್ದು, ಉಳಿದ ಐದನ್ನು ಹತ್ತಿದಳು. ಲೇಔಟಿನ ಮನೆಯನ್ನು ಮುಂದಿನ ತಿಂಗಳು ಬಾಡಿಗೆಗೆ ಕೊಟ್ಟರು. ಸ್ಟೀಲಿನ ರಾಡಿನ ಮೇಲೆ ಬಾಡಿಗೆಯವರು ಟವೆಲ್ಲು ಒಣಹಾಕುತ್ತಾರಂತೆ.

ಅಕ್ಕ ಹೋದದ್ದು ಅದೇ ವರ್ಷ ಶ್ರಾವಣದಲ್ಲಿ, ಆ ಮನೆಯಲ್ಲೇ, ಮಧ್ಯಾಹ್ನ ಊಟ ಮಾಡಿ ಅಡ್ಡಾದವಳು ಏಳಲಿಲ್ಲ. ನಾನು ಅವಳನ್ನು ಕಡೆಯ ಸಲ ನೋಡಿದ್ದು ಅದಕ್ಕೂ ಮೂರು ವಾರ ಮೊದಲು, ಬ್ಯಾಡಗಿ ಸ್ಟೇಷನ್ನಿನಲ್ಲಿ. ನನ್ನನ್ನು ಕಳಿಸಲು ಬಂದಿದ್ದಳು. ಆಟೋ ಬೇಡವೆಂದು ನಡೆದೇ ಬಂದಿದ್ದಳು, ದಾರಿಯಲ್ಲಿ ಮೂರು ಕಟ್ಟೆಯ ಮೇಲೆ ಕೂತು, ಮೂರು ಮನೆಯ ಸುದ್ದಿ ಕೇಳಿಕೊಂಡು. ಗಾಡಿ ತಡವಾಗಿತ್ತು. ಬಂದ ಮೇಲೆ ನಾನು ಹತ್ತಿ ಕಿಟಕಿಯ ಪಕ್ಕ ಕೂತೆ. "ಮುಟ್ಟಿದ ಮ್ಯಾಲೆ ಫೋನ್ ಹಚ್ಚು" ಅಂದವಳು, ನಾನು ಉತ್ತರ ಕೊಡುವಷ್ಟರಲ್ಲೇ ಆ ಕಡೆ ತಿರುಗಿದ್ದಳು. ಬೆಂಚಿನ ಮೇಲೆ ಒಬ್ಬ ನಲವತ್ತು ನಲವತ್ತೈದರ ದಪ್ಪನೆಯ ಮನುಷ್ಯ ಬ್ಯಾಗು ತೊಡೆಯ ಮೇಲಿಟ್ಟುಕೊಂಡು ಕೂತಿದ್ದ. ರಾಣೆಬೆನ್ನೂರು ಕಡೆಯ ಗಾಡಿಗೆ ಕಾಯುತ್ತಿದ್ದನೆಂದು ಕಾಣುತ್ತದೆ.

"ಯಾಕಪಾ ತಮ್ಮಾ, ಹಿಂಗ ಕುಂತೀ?" ಅನ್ನುತ್ತಿದ್ದಳು ಅಕ್ಕ. "ನಿನ್ನ ಗಾಡಿ ಬರೂತನಕ ಎರಡ ಸುತ್ತ ಹಾಕು. ಏಳು, ನಾನೂ ಬರತೇನಿ."

ನನ್ನ ಗಾಡಿ ಅಲುಗಿತು. ಅವನು ಆ ಕಡೆ ಈ ಕಡೆ ನೋಡಿ, ಬೇರೆ ದಾರಿ ಕಾಣದೆ, ಬ್ಯಾಗು ಹೆಗಲಿಗೇರಿಸಿ ಎದ್ದು ನಿಂತ. ಅಕ್ಕ ಸೆರಗು ಸೊಂಟಕ್ಕೆ ಸಿಕ್ಕಿಸಿ ಮುಂದೆ ನಡೆದಳು, ಅವನು ಅವಳ ಹಿಂದೆ.